ಅರ್ಜಿ ಮಾವನ ನೀಲಿ ಮಸಿ

ಅರ್ಜಿ ಮಾವನ ನಾಲಿಗೆಯ ತುದಿ ಯಾವಾಗಲೂ ನೀಲಿಯಾಗಿರುತ್ತಿತ್ತು. ಹೊಸ ನಿಬ್ಬಿಗೆ ಎಣ್ಣೆ ಸವರಿರುತ್ತಾರೆ, ಎಂಜಲು ತಾಗದ ಹೊರತು ಅದು ಮಸಿ ಹಿಡಿಯುವುದಿಲ್ಲ ಎಂದು ಯಾವ ಪೆನ್ನು ಕೈಗೆ ಬಂದರೂ ಅವರು ಮೊದಲು ನೆಕ್ಕುತ್ತಿದ್ದರು. ನಕ್ಕರೆ ನೇರಳೆಹಣ್ಣು ತಿಂದು ಬಂದವರ ಹಾಗೆ ಕಾಣುತ್ತಿದ್ದರು. ಈಗ ಅವರನ್ನು ನೆನೆದರೆ ನನಗೆ ಆ ನಗುವಿಗಿಂತ ಮೊದಲು ಆ ನಾಲಿಗೆಯೇ ಕಣ್ಣಿಗೆ ಬರುತ್ತದೆ, ಮೈ ಉರಿಯುತ್ತದೆ.

ಅವರು ನಮಗೆ ರಕ್ತಸಂಬಂಧಿಯಲ್ಲ. ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆಯವರು. ಅವ್ವ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾವ. ಕಚೇರಿಯ ಎದುರಿನ ಜಗಲಿಯಲ್ಲಿ ಚಾಪೆ ಹಾಸಿ ಕೂತು ಜನರಿಗೆ ಅರ್ಜಿ, ಪತ್ರ ಬರೆದುಕೊಡುವುದು ಅವರ ಕಸುಬು. ಅದಕ್ಕೆ ಕಚೇರಿಯ ಪರವಾನಗಿ ಇತ್ತು. ಕಸುಬಿಗಿಂತ ದೊಡ್ಡದು ಅವರ ಹುಚ್ಚು. ಮನೆಯಲ್ಲಿ ಒಂದು ತಗಡಿನ ಡಬ್ಬಿಯ ತುಂಬ ಪೆನ್ನುಗಳಿದ್ದವು: ಜಪಾನಿನ ಗಾಜಿನ ನಿಬ್ಬಿನದು, ಹಾವಿನ ಚರ್ಮದಂಥ ಗೆರೆಯದು, ಕ್ಯಾಪೇ ಇಲ್ಲದ್ದು. ಪ್ರತಿಯೊಂದಕ್ಕೂ ಹಳೇ ಸೀರೆ ಹರಿದು ಹೊಲಿದ ಚೀಲ. ಅವರ ಹೆಂಡತಿಗೆ ಅಷ್ಟು ಕುಪ್ಪಸಗಳಿರಲಿಲ್ಲ.

ಸಂತೇಬೆನ್ನೂರಿನ ಸಂತೆಯಲ್ಲಿ ಪೆನ್ನು ಕೊಂಡ ಮೇಷ್ಟ್ರುಗಳು, ತ್ಯಾವಣಿಗೆಯ ಅಂಗಡಿಯವರು ಎಲ್ಲರೂ ತಂದು ಇವರಿಗೆ ತೋರಿಸುತ್ತಿದ್ದರು. ಮಾವ ನೆಕ್ಕಿ, ಅದ್ದಿ, "ಮಹಾಸ್ವಾಮಿಯವರ ಪಾದಕ್ಕೆ ಬಡವನ ಅರಿಕೆ" ಎಂದು ಬರೆಯುತ್ತಿದ್ದರು. ಯಾವ ಪೆನ್ನಾದರೂ ಪರೀಕ್ಷೆಗೆ ಅದೇ ಸಾಲು. ಆಮೇಲೆ ತೀರ್ಪು.

"ಇದು ಕಾಗದ ಕೆರೀತೈತೆ, ಕೋಳಿ ತಿಪ್ಪೆ ಕೆರದಂಗೆ."

"ಇದು ಬರಿಯಾಕಲ್ಲ ಮೇಷ್ಟ್ರೇ, ಜೇಬಿಗೆ ಸಿಗಿಸ್ಕಂಡು ಓಡಾಡಾಕೆ."

ಒಂದು ವರ್ಷದ ಹಿಂದೆ ನೋಡಿದ ಪೆನ್ನಾದರೂ ಅದರ ನಿಬ್ಬಿನ ಸೀಳು ಎತ್ತ ವಾಲಿತ್ತು ಎಂದು ಹೇಳುತ್ತಿದ್ದರು. ಅಂಥ ನೆನಪು. ಈ ಮಾತನ್ನು ನೀವು ಮರೆಯಬೇಡಿ.

ತಮ್ಮ ಪೆನ್ನನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ಇನ್ನೊಬ್ಬರು ಒತ್ತಿದರೆ ನಿಬ್ಬು ಕೆಡುತ್ತದಂತೆ. ನನಗೆ ಅಕ್ಷರ ತಿದ್ದಿಸಿದ್ದು ಅದ್ದಿ ಬರೆಯುವ ಕಟ್ಟಿಗೆಯ ಹಿಡಿಯ ಪೆನ್ನಿನಲ್ಲಿ. "ಒತ್ತಬ್ಯಾಡ ತಾಯಿ. ಅದು ತಾನೇ ನಡೀತೈತೆ, ನೀ ಬರೇ ಹಿಡ್ಕಾ" ಎನ್ನುತ್ತ ದಿನಾ ಸಂಜೆ ನನ್ನ ಮುಷ್ಟಿ ಸಡಿಲಿಸುತ್ತಿದ್ದರು. ಅಪ್ಪನಿಲ್ಲದ ಹುಡುಗಿಗೆ ಅಷ್ಟು ತಾಳ್ಮೆಯಿಂದ ಕಲಿಸಿದವರು ಬೇರೆ ಯಾರೂ ಇಲ್ಲ. ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ ಹಿರಿಯರ ಮಾತಿಗೆ ಕಟ್ಟುಬಿದ್ದು, ಮನೆಯ ಎರಡು ಅಂಕಣದಷ್ಟು ಭಾಗ ಅವ್ವನಿಗೆ, ಅವಳ ನಂತರ ನನಗೆ ಎಂದು ಪತ್ರ ಬರೆದುಕೊಡಲು ಒಪ್ಪಿದ. ದಸ್ತಾವೇಜನ್ನು ಅಳಲೆಕಾಯಿ, ಅನ್ನಭೇದಿ ಹಾಕಿ ಕುದಿಸಿದ ಕಪ್ಪು ಮಸಿಯಲ್ಲೇ ಬರೆಯಬೇಕು. ಅದು ಕಚೇರಿಯ ಕಟ್ಟಪ್ಪಣೆ. ಆದರೆ ಆ ಮಸಿ ತುಂಬಿದರೆ ಒಳ್ಳೆಯ ಪೆನ್ನಿನ ಗಂಟಲು ಕಟ್ಟುತ್ತದೆ. ಮಾವ ಅದೇ ವಾರ ಶಿವಮೊಗ್ಗೆಯಿಂದ ಚಿನ್ನದ ನಿಬ್ಬಿನ ವಿಲಾಯ್ತಿ ಪೆನ್ನನ್ನೂ ಅದಕ್ಕೆಂದೇ ಆಕಾಶನೀಲಿ ಮಸಿಯ ಶೀಷೆಯನ್ನೂ ತಂದಿದ್ದರು.

"ತಂಗೀ, ನಿನ್ನ ಪತ್ರನ ಹೊಸಾ ಪೆನ್ನಾಗೇ ಬರೀತೀನಿ. ಕಣ್ಣಿಗೊತ್ತಿಕೊಳ್ಳಂಗಿರತೈತೆ ನೋಡು" ಎಂದರು.

ಅವ್ವ ಹಿಗ್ಗಿಹೋದಳು. ದೊಡ್ಡಪ್ಪನಿಗೂ ಅದೇ ಪೆನ್ನು ಕೊಟ್ಟು ರುಜು ಹಾಕಿಸಿದರು. ಮಾವ ತಮ್ಮ ಪೆನ್ನನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದನ್ನು ನಾನು ಕಂಡದ್ದು ಆ ದಿನ ಮಾತ್ರ.

ಅವ್ವ ಆ ಪತ್ರವನ್ನು ಮಡಿಚಿ ದೇವರ ಗೂಡಿನಲ್ಲಿ ಕಳಶದ ಕೆಳಗೆ ಇಟ್ಟಳು. ಶುಕ್ರವಾರ ಶುಕ್ರವಾರ ಕಳಶಕ್ಕೆ ಹೊಸ ನೀರು ತುಂಬಿ, ಹೂವೇರಿಸಿ, ಅದಕ್ಕೂ ಕೈಮುಗಿಯುತ್ತಿದ್ದಳು. ಪೂಜೆ ಮಾಡಿ ಮಾಡಿ ಅವಳೇ ಅದನ್ನು ತೊಳೆದುಬಿಟ್ಟಳು. ಮೂರು ವರ್ಷ ಕಳೆದು, ಮಗನ ಮದುವೆಗೆ ಜಾಗ ಸಾಲದು ಎಂದು ದೊಡ್ಡಪ್ಪ ಅಂಕಣ ಬಿಡಲು ಹೇಳಿದಾಗ ತೆಗೆದು ನೋಡಿದರೆ, ಛಾಪಾ ಕಾಗದದ ಅಚ್ಚಿನ ಮುದ್ರೆ ಹಾಗೇ ಇತ್ತು. ಅದರ ಕೆಳಗೆ ತಿಳಿನೀಲಿ ಕಲೆಗಳು, ಅಷ್ಟೇ.

ಹಿರಿಯರು ನಮ್ಮ ಜಗಲಿಯಲ್ಲಿ ಸೇರಿದರು. ಅಂದು ದೊಡ್ಡಪ್ಪನನ್ನು ಒಪ್ಪಿಸಿದ್ದ ಮುದುಕರು ಆಗಲೇ ತೀರಿಹೋಗಿದ್ದರು. ಮನೆಯೊಳಗಿನ ಪತ್ರವೆಂದು ಕಚೇರಿಯಲ್ಲಿ ನೋಂದಾಯಿಸಿರಲಿಲ್ಲ. ಉಳಿದ ಸಾಕ್ಷಿ ಎಂದರೆ ಬರೆದವರು ಒಬ್ಬರೇ.

"ನೀವೇ ಬರದದ್ದಂತಲ್ರೀ, ಏನಿತ್ತು ಇದ್ರಾಗೆ?" ಎಂದು ಒಬ್ಬರು ಕೇಳಿದರು.

ಮಾವ ಕಾಗದವನ್ನು ಮುಟ್ಟಲಿಲ್ಲ. "ದಿನಾ ಎಷ್ಟೋ ಬರೀತೀನಿ. ನೆನಪಿಲ್ರೀ."

"ಅಣ್ಣಾ, ಹೊಸಾ ಪೆನ್ನು ಅಂದಿದ್ರಲ್ಲ. ನೀಲಿ ಮಸಿ. ಕೂಸೂ ನೋಡೈತೆ" ಎಂದಳು ಅವ್ವ.

"ದಸ್ತಾವೇಜನ್ನ ನೀಲಿಯಾಗೆ ಯಾರು ಬರೀತಾರೆ ತಂಗೀ? ನಾನಂತೂ ಬರಿಯಾಕಿಲ್ಲ."

ಹೂಂ ಎಂದಿದ್ದರೆ ಪರವಾನಗಿ ಹೋಗುತ್ತಿತ್ತು. ಅದು ಅವ್ವನಿಗೂ ಗೊತ್ತಿತ್ತು. ಅವಳು ಮತ್ತೆ ಕೇಳಲಿಲ್ಲ. ಆ ವಾರವೇ ನಾವು ನ್ಯಾಮತಿಗೆ ಹೊರಟೆವು. ಮಾವ ಹೊರಗೆ ಬರಲಿಲ್ಲ. ನ್ಯಾಮತಿಯಲ್ಲಿ ಅವ್ವ ಕಂಡವರ ಮನೆಯಲ್ಲಿ ರೊಟ್ಟಿ ತಟ್ಟಿದಳು. ಬೆರಳ ತುದಿಗಳೆಲ್ಲ ಸುಟ್ಟು ಗಂಟಾದವು. ಬಾಡಿಗೆಯ ಗೋಡೆಗೆ ಒರಗಿಕೊಂಡೇ ಸತ್ತಳು. ಸಾಯುವವರೆಗೂ "ಅಣ್ಣನಿಗೆ ನಿಜವಾಗಲೂ ಮರ್ತಿರಬೌದು ಬಿಡು" ಎನ್ನುತ್ತಿದ್ದಳು. ನಾನು ನಂಬಿದ್ದಿಲ್ಲ. ಆದರೂ ಅವಳಿಗಾಗಿ ನಂಬಿದಂತೆ ನಟಿಸಿದೆ.

ನನಗೆ ಸಾಸ್ವೆಹಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿದ್ದು ಅಕ್ಷರದಿಂದ. ಇನ್‌ಸ್ಪೆಕ್ಟರರು ನನ್ನ ಕಾಗದವನ್ನು ಎತ್ತಿ ಹಿಡಿದು, "ಯಾರಮ್ಮ ತಿದ್ದಿಸಿದ್ದು?" ಎಂದು ಕೇಳಿದರು. ಪಕ್ಕದ ಮನೆಯವರು ಎಂದೆ. ಹೆಸರು ಹೇಳಲು ಬಾಯಿ ಬರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ವರ್ಷ ಅರ್ಜಿ ಮಾವ ಹೋದರು. ಅವ್ವ ಅದಕ್ಕೂ ಒಂದು ವರ್ಷ ಮೊದಲೇ ಹೋಗಿದ್ದಳು. ಅವರ ಸೊಸೆ ಸಾಸ್ವೆಹಳ್ಳಿಗೆ ಹುಡುಕಿಕೊಂಡು ಬಂದು ಒಂದು ದಪ್ಪ ಪುಸ್ತಕ ಕೊಟ್ಟಳು. "ಮಾವಾರು ಇದನ್ನ ನಿಮಗೇ ಮುಟ್ಟಿಸು ಅಂದಿದ್ರು. ಪೆನ್ನೆಲ್ಲ ಯಾರ್‍ಯಾರೋ ಒಯ್ದರು."

ಅದು ಅವರ ತೀರ್ಪಿನ ಪುಸ್ತಕ. ಒಂದೊಂದು ಪುಟಕ್ಕೆ ಒಂದು ಪೆನ್ನು, ಇಲ್ಲವೇ ಒಂದು ಮಸಿ. ಮೇಲೆ ಆ ಮಸಿಯಲ್ಲೇ "ಬಡವನ ಅರಿಕೆ", ಕೆಳಗೆ ಕಚೇರಿಯ ಕಪ್ಪು ಮಸಿಯಲ್ಲಿ ಗುಣದೋಷ. ಆಕಾಶನೀಲಿಯ ಪುಟದಲ್ಲಿ ಮೇಲಿನ ಸಾಲಿನ ನಡುವೆ ಒಂದು ನೀರಿನ ಹನಿ ಬಿಟ್ಟು ನೋಡಿದ್ದರು. ಅಲ್ಲಿ ಅಕ್ಷರವಿಲ್ಲ, ಬರೀ ದುಂಡನೆಯ ಕಲೆ. ಕೆಳಗೆ ಹೀಗಿತ್ತು: "ಬಣ್ಣ ಬಹಳ ಚೆಲುವು. ನೀರು ತಾಕಿದರೆ ಉಳಿಯದು. ದಸ್ತಾವೇಜಿಗೆ ಆಗದು."

ಅದರ ಮರುದಿನದ ತಾರೀಖು ಹಾಕಿ ಇನ್ನೊಂದು ಸಾಲು: "ಇದನ್ನೇ ಹೊಸ ಪೆನ್ನಿಗೆ ತುಂಬಿ ತಂಗಿಯ ಮನೆಪತ್ರ ಬರೆದೆ. ಇಂಥ ಓಟ ಈವರೆಗೆ ಕಂಡಿಲ್ಲ."

ತಿಳಿದೇ ಬರೆದಿದ್ದರು. ಪೆನ್ನು ಓಡುವುದನ್ನು ನೋಡುವ ಆಸೆಗೆ ನನ್ನ ಅವ್ವನ ಮನೆಯನ್ನು ನೀರಿನಲ್ಲಿ ಬರೆದಿದ್ದರು. ಈ ಪುಸ್ತಕವನ್ನು ಅವ್ವ ಇದ್ದಾಗ ಹಿರಿಯರ ಮುಂದೆ ತೆರೆಯಬಹುದಿತ್ತು. ಅವಳು ಸತ್ತ ಮೇಲೆ ನನಗೆ ಕಳಿಸಿ ಯಾವ ಭಾರ ಇಳಿಸಿಕೊಂಡರೋ ಕಾಣೆ. ಬೆರಳಿಗೆ ನೀರು ಹಚ್ಚಿ ಆ ಎರಡು ಸಾಲುಗಳನ್ನು ಉಜ್ಜಿದೆ. ಕಪ್ಪು ಮಸಿ, ಕದಲಲಿಲ್ಲ.

ಪುಸ್ತಕವನ್ನು ಒಲೆಗೆ ಹಾಕಬೇಕು ಎಂದು ಎಷ್ಟೋ ಸಲ ಎದ್ದಿದ್ದೇನೆ. ಹಾಕಿಲ್ಲ. ಅವರನ್ನು ಬೈದು ಬರೆಯೋಣವೆಂದು ಇವತ್ತು ಕೂತರೆ ಕೈ ತಾನಾಗಿ ಸಡಿಲವಾಗುತ್ತದೆ, ಅಕ್ಷರ ಅವರು ತಿದ್ದಿಸಿದ ಹಾಗೇ ದುಂಡಗೆ ಬೀಳುತ್ತದೆ.