ಮೂರು ತಲೆಮಾರಿನ ಹಾದರ

ಆ ವಾರಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕೊಂಬಕ್ಕ ಎನ್ನುತ್ತಿದ್ದರು. ಒಂದಕ್ಷರಕ್ಕೆ ಕೊಂಬು ಬಿಟ್ಟುಹೋಗಿದೆಯೆಂದು ಓಡುತ್ತಿದ್ದ ಅಚ್ಚಿನ ಯಂತ್ರವನ್ನು ಎರಡು ಕೈಯಲ್ಲಿ ಹಿಡಿದು ನಿಲ್ಲಿಸಿದ್ದಳಂತೆ; ಈಗಲೂ ಅವಳ ಚಪ್ಪಲಿಯ ಸದ್ದು ಕೇಳಿದರೆ ಆ ಯಂತ್ರ ಉಸಿರು ಬಿಗಿ ಹಿಡಿಯುತ್ತದೆ. ಕರಡು ತಿದ್ದುವುದು, ಓದುಗರ ಪತ್ರಗಳನ್ನು ಮನುಷ್ಯರು ಓದುವಂತೆ ಮಾಡುವುದು ಅವಳ ಕೆಲಸ. ಹದಿನಾಲ್ಕು ವರ್ಷ ಆ ಮಹಾಶಯರ ಕಾಗುಣಿತ ತೊಳೆದು, ಹಿಂಡಿ, ಒಣಗಿಸಿ, ಅವರನ್ನು ಊರಿನ ಮುಂದೆ ವಿದ್ಯಾವಂತರೆಂದು ನಿಲ್ಲಿಸಿದವಳು ಅವಳೇ.

ವಾರ ಬಿಟ್ಟು ವಾರ ಕೊನೆಯ ಪುಟದಲ್ಲಿ ಬರುವ ಶೃಂಗಾರದ ಸಣ್ಣ ಕಥೆಗಳನ್ನು ‘ಅನುಭವಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವಳೂ ಅವಳೇ. ಇದು ಸಂಪಾದಕರಿಗೆ ಮತ್ತು ಅವಳ ಗಂಡನಿಗೆ ಮಾತ್ರ ಗೊತ್ತು. ಕಥೆಯ ನಾಯಕರೆಲ್ಲ ಹಾಲಿನಲ್ಲಿ ಅದ್ದಿ ತೆಗೆದವರು. ಗಂಡನೋ ಲಿಫ್ಟ್ ರಿಪೇರಿಯವನು, ಬೇರೆ ಜನಾಂಗದವನು, ಅವನ ಅಜ್ಜ ಹಡಗಿಳಿದು ಬಂದವನು. ಕಪ್ಪೆಂದರೆ ಕಣ್ಣಪಾಪೆಯ ಕಪ್ಪು.

“ಯಾರೇ ಇವನು ಬೆಣ್ಣೆಮುದ್ದೆ? ನನ್ನ ಮಾತೆಲ್ಲ ಇವನು ಆಡ್ತಾನಲ್ಲ!” ಎಂದು ಅವನು ಪ್ರತಿ ಸಲ ನಗುತ್ತಿದ್ದ. ಆ ನಗುವಿನಡಿ ಒಂದು ಮುಳ್ಳು ಇದೆಯೆಂದು ತಿಳಿಯಲು ಅವಳಿಗೆ ಹದಿನಾಲ್ಕು ವರ್ಷ ಬೇಕಾಯಿತು. ತಿಳಿದ ದಿನವೇ ಅವನನ್ನು ಅವನ ಬಣ್ಣದಲ್ಲೇ ಬರೆದಳು: ಮಹಡಿಗಳ ನಡುವೆ ಸಿಕ್ಕಿಬಿದ್ದ ಲಿಫ್ಟು, ಒಳಗೊಬ್ಬಳು, ಮೇಲಿನಿಂದ ಇಳಿದು ಬರುವ ಅವನು. ಉಳಿದದ್ದು ಮುಂದಿನ ಕಂತಿಗೆ.

ಓದುಗ ಪ್ರಭುಗಳು ಕೆರಳಿದರು. ಪತ್ರದ ಮೂಟೆಯ ಭಾರಕ್ಕೆ ಅಂಚೆಯವನ ಒಂದು ಭುಜ ಮೊಣಕಾಲಿಗೆ ಇಳಿಯಿತು. “ಏಳು ಸಲ ಓದಿದೆ, ಏಳು ಸಲವೂ ಅಸಹ್ಯವಾಯಿತು” ಎಂದೊಬ್ಬರು. ಇನ್ನೊಬ್ಬರು ಪತ್ರಿಕೆಯನ್ನೇ ವಾಪಸು ಕಳಿಸಿದ್ದರು. ಆ ಕಥೆಯ ಪುಟವನ್ನು ಮಾತ್ರ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ ಇಟ್ಟುಕೊಂಡಿದ್ದರು. “ಮರ್ಯಾದಸ್ಥ ಹೆಣ್ಣು ಅಂಥವನನ್ನು ಮುಟ್ಟುವಳೇ?” ಎಂದು ಕೇಳಿದ ಮಹಾನುಭಾವರು ಕೆಳಗೆ ಸಣ್ಣಗೆ, ಮುಂದಿನ ಕಂತು ಯಾವಾಗ ಎಂದೂ ಕೇಳಿದ್ದರು.

ಸಂಪಾದಕರು ಅವಳನ್ನು ಕರೆಸಿದರು. “ಕೊಂಬಕ್ಕ, ನನ್ನ ಹೊಟ್ಟೆ ಮೇಲೆ ಹೊಡೀಬೇಡ. ಮುಂದಿನ ಕಂತಲ್ಲಿ ಅವನನ್ನ ಸ್ವಲ್ಪ ಗೋಧಿ ಬಣ್ಣ ಮಾಡು.”

“ಎರಡನೇ ಮಹಡೀಲಿ ಕಪ್ಪಗಿದ್ದೋನು ಮೂರನೇ ಮಹಡಿಗೆ ಬರೋಷ್ಟರಲ್ಲಿ ಗೋಧಿ ಆಗ್ತಾನಾ ಸಾರ್?”

“ಓದೋರು ನಂಬ್ತಾರೆ. ಅವರು ಏನನ್ನ ಬೇಕಾದ್ರೂ ನಂಬ್ತಾರೆ. ಆಗಲ್ಲ ಅಂದ್ರೆ ಪುಟ ಬೇರೆಯವರಿಗೆ.” ನಂತರ ಒಂದು ಕಾಗದ ಚಾಚಿದರು. “ಜವಳಿ ಅಂಗಡಿ ಯಜಮಾನರದ್ದು. ಈ ವಾರ ದಪ್ಪಕ್ಷರದಲ್ಲಿ ಬರಲಿ. ಒಂದಕ್ಷರಾನೂ ಬದಲಾಯಿಸಬಾರದು ಅಂತ ಹೇಳಿ ಕಳಿಸಿದಾರೆ.”

ಯಜಮಾನರು ‘ಅ’, ‘ಆ’ ಬರೆಯಬೇಕಾದಲ್ಲೆಲ್ಲ ‘ಹ’, ‘ಹಾ’ ಬರೆಯುವವರು. ಕೊಂಬಕ್ಕ ಮೊದಲ ಸಾಲು ಓದಿದಳು. ಮತ್ತೊಮ್ಮೆ ಓದಿದಳು.

“ಒಂದೂ ಬೇಡ್ವಾ ಸಾರ್?”

“ಕಿವಿ ಕೇಳಿಸಲ್ವಾ? ಒಂದೂ ಬೇಡ!”

“ಹಾಗಂತ ಇದರ ಮೇಲೇ ಬರೆದು ಸಹಿ ಹಾಕಿ.”

ಹಾಕಿದರು. ಓದಿ ನೋಡಿ ಸಹಿ ಹಾಕುವ ಅಭ್ಯಾಸ ಅವರಿಗಿರಲಿಲ್ಲ.

ಶನಿವಾರ ಊರು ಓದಿತು: “ನಿಮ್ಮ ಪತ್ರಿಕೆಯೊಂದಿಗೆ ನಮ್ಮ ಮನೆತನಕ್ಕೆ ಮೂರು ತಲೆಮಾರಿನ ಹಾದರವಿತ್ತು. ಬೇರೆ ಜನಾಂಗದವನ ಈ ಹಸಹ್ಯ ಕಥೆಯಿಂದ ನಮ್ಮ ಹಾದರಕ್ಕೆ ಧಕ್ಕೆ ಬಂದಿದೆ.” ಪಾಪ, ಅವರು ಬರೆಯಹೊರಟಿದ್ದು ಆದರ.

ಸೋಮವಾರ ಅಂಗಡಿಯ ಮುಂದೆ ಸಾಲು ಮೂರು ಬೀದಿ ದಾಟಿತ್ತು. ಬಟ್ಟೆ ಮಾತ್ರ ಯಾರಿಗೂ ಬೇಕಿರಲಿಲ್ಲ. “ಯಜಮಾನ್ರೇ, ಶುರುವಾಗಿದ್ದು ಅಜ್ಜನ ಕಾಲದಲ್ಲಾ?” ಎಂದು ಕೇಳಿಕೊಂಡು ಹೋಗುವವರೇ ಎಲ್ಲ. ಮನೆಯಲ್ಲಿ ಹೆಂಡತಿ ಬೆರಳು ಮಡಿಸಿ ಕೂತಿದ್ದಳು: “ಅಜ್ಜ ಒಂದು, ಮಾವ ಎರಡು. ಮೂರನೇ ತಲೆಮಾರು ಅಂದ್ರೆ ನೀವೇ ಅಲ್ವೇನ್ರೀ?”

ಯಜಮಾನರು ಬುಸುಗುಟ್ಟುತ್ತ ಕಚೇರಿಗೆ ಬಂದರು. ಕೊಂಬಕ್ಕ ಅವರದೇ ಕೈಬರಹವನ್ನು, ಅದರ ಮೇಲಿನ ಸಂಪಾದಕರ ಸಹಿಯನ್ನು ಮುಂದೆ ಇಟ್ಟಳು.

“ನಿಮ್ಮ ಮಾತು ಮೀರಿಲ್ಲ ಯಜಮಾನ್ರೇ. ಇನ್ನು ಮೇಲೆ ಈ ಕಥೆ ಬಗ್ಗೆ ಬಂದ ಪತ್ರ ಎಲ್ಲಾ ಹೀಗೇ. ಬರೆದೋರ ಹೆಸರು, ವಿಳಾಸ, ತಪ್ಪು ಸಮೇತ.”

ಸುದ್ದಿ ಹಬ್ಬಿತು. ಮರುದಿನ ಸಂಸ್ಕೃತಿಯ ಕಾವಲುಗಾರರು ಒಬ್ಬೊಬ್ಬರಾಗಿ ಬಂದು, ಮುಖಕ್ಕೆ ಕೊಡೆ ಅಡ್ಡ ಹಿಡಿದು, ತಮ್ಮ ಪತ್ರಗಳನ್ನು ವಾಪಸು ಒಯ್ದರು. ಜನಾಂಗ ಮಲಿನವಾಗುವುದನ್ನು ತಡೆದುಕೊಂಡಾರು, ತಮ್ಮ ಒತ್ತಕ್ಷರ ಬಯಲಾಗುವುದನ್ನಲ್ಲ. ಅಂಚೆಯವನ ಭುಜ ಮೇಲೆದ್ದಿತು.

“ಅವನು ಯಾವ ಬಣ್ಣಾನಾದ್ರೂ ಇರ್ಲಿ ತಾಯಿ,” ಎಂದು ಸಂಪಾದಕರು ಕೈಮುಗಿದರು. “ಪತ್ರ ಮಾತ್ರ ತಿದ್ದು.”

ಮುಂದಿನ ಶನಿವಾರ ಗಂಡ ಎರಡನೇ ಕಂತನ್ನು ತುಟಿ ಅಲುಗಿಸುತ್ತ ಓದಿದ. ಈ ಸಲ ಬೆಣ್ಣೆಮುದ್ದೆಯ ಮಾತೆತ್ತಲಿಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟು, “ಒಂದು ಸುಳ್ಳಿದೆ ಕಣೇ,” ಎಂದ. “ಇಲ್ಲಿ ಲಿಫ್ಟ್ ಐದು ನಿಮಿಷಕ್ಕೆ ಸರಿಯಾಯ್ತು ಅಂತ ಬರ್ದಿದೀಯ. ಅವತ್ತು ನಾನು ಬೇಕಂತಲೇ ಮುಕ್ಕಾಲು ಗಂಟೆ ತಗೊಂಡಿದ್ದೆ.”

“ಗೊತ್ತು,” ಎಂದಳು ಕೊಂಬಕ್ಕ. “ಆ ನಲವತ್ತು ನಿಮಿಷ ಆ ಜನಕ್ಕೆ ಯಾಕೆ ಕೊಡ್ಲಿ?”