ತೀರ್ಥಹಳ್ಳಿಯ ಬಸುರಿಯ ಕಮೆಂಟು

ನನ್ನ ಅತ್ತೆ, ಅಂದರೆ ಗಂಡನ ತಾಯಿ, ತೊಡೆದೇವು ಮಾಡುವುದನ್ನು ನಾನು ಮೊದಲ ಸಲ ಮೊಬೈಲಿನಲ್ಲಿ ಹಿಡಿದದ್ದು ಸಿಟ್ಟಿನಲ್ಲಿ. ಸಾಗರದ ಪೇಟೆಯ ಅಂಗಡಿಯವನೊಬ್ಬ ಅವತ್ತು ಅವರ ಡಬ್ಬವನ್ನು ತೆರೆದೂ ನೋಡದೆ ವಾಪಸು ಕೊಟ್ಟಿದ್ದ. ‘ಇದನ್ನೆಲ್ಲ ಈಗ ಯಾರು ತಿಂತಾರೆ ಅಮ್ಮಾ, ಹುಡುಗ್ರಿಗೆ ಚಿಪ್ಸ್ ಇದ್ರೆ ಸಾಕು’ ಅಂದನಂತೆ. ಅತ್ತೆ ಡಬ್ಬವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದು ಬಂದಿದ್ದರು. ನನಗಾದರೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ‘ಯಾರು ತಿಂತಾರೆ ಅಂತ ತೋರಿಸ್ತೀನಿ, ತಡೀರಿ’ ಎಂದು ಮೊಬೈಲ್ ಎತ್ತಿಕೊಂಡೆ.

ತೊಡೆದೇವು ನೋಡದವರಿಗೆ ಒಂದು ಮಾತು ಹೇಳಬೇಕು. ಮಣ್ಣಿನ ಗಡಿಗೆಯೊಂದನ್ನು ಒಲೆಯ ಮೇಲೆ ಬೋರಲು ಹಾಕಬೇಕು. ಕಬ್ಬಿನ ಹಾಲನ್ನು ಕಾಯಿಸಿ, ಅದಕ್ಕೆ ಅಕ್ಕಿ ರುಬ್ಬಿ ಕಲಸಿದ ತೆಳ್ಳನೆಯ ಹಿಟ್ಟಿನಲ್ಲಿ ಕೋಲಿಗೆ ಸುತ್ತಿದ ಬಟ್ಟೆಯನ್ನು ಅದ್ದಿ, ಕಾದ ಗಡಿಗೆಯ ಬೆನ್ನಿಗೆ ಒಂದೇ ಸಲ ತೊಡೆಯಬೇಕು. ಎರಡನೇ ಸಲ ಕೈ ಆಡಿಸಿದರೆ ಕೆಟ್ಟಿತು. ಕಣ್ಣು ಮಿಟುಕಿಸುವುದರೊಳಗೆ ಕಾಗದಕ್ಕಿಂತ ತೆಳುವಾದ ಹಾಳೆ ಏಳುತ್ತದೆ. ಬಿಸಿ ಇರುವಾಗಲೇ ಎಬ್ಬಿಸಿ ಮಡಚಿಬಿಡಬೇಕು, ತಣಿದರೆ ಮುಟ್ಟಿದಲ್ಲೆಲ್ಲ ಪುಡಿ. ತುಪ್ಪ ಸವರಿ ಹಾಲಿನ ಜೊತೆ ತಿನ್ನುವುದು. ಆಲೆಮನೆಗಳು ನಡೆಯುವ ದಿನಗಳಲ್ಲಿ ಮಾತ್ರ ಇದರ ಸುಗ್ಗಿ. ನನ್ನ ಗಂಡನಿಗೆ ಹೊಸನಗರದಲ್ಲಿ ಕೆಲಸ. ಅಲ್ಲಿಯ ಆಲೆಮನೆಯಿಂದ ಸಂಜೆಯ ಬಸ್ಸಿನಲ್ಲಿ ಕ್ಯಾನು ತುಂಬ ಕಬ್ಬಿನ ಹಾಲು ತರುತ್ತಾರೆ. ನಮ್ಮ ಬಾಡಿಗೆ ಮನೆಯ ಹಿಂದೆ ಶೀಟು ಹೊದಿಸಿದ ಪುಟ್ಟ ಕೋಣೆಯಲ್ಲಿ ಅತ್ತೆ ಕೂರುತ್ತಾರೆ.

ನಾನು ಆಗಷ್ಟೇ ಆನ್‌ಲೈನಿನಲ್ಲಿ ಒಂದು ತಿಂಗಳ ಮಾರ್ಕೆಟಿಂಗ್ ಕ್ಲಾಸು ಮುಗಿಸಿದ್ದೆ. ಪರದೆಯ ಮೇಲಿನ ಸರ್ ಕೈ ಬೀಸಿ ಬೀಸಿ ಹೇಳುತ್ತಿದ್ದರು. ಮೊದಲ ಮೂರು ಸೆಕೆಂಡಿನಲ್ಲಿ ನೋಡುವವರನ್ನು ಹಿಡಿದು ಹಾಕಬೇಕು. ಆ ವಾರ ಎಲ್ಲರೂ ಯಾವ ಹಾಡು ಹಾಕುತ್ತಿದ್ದಾರೋ ಅದನ್ನೇ ಹಾಕಬೇಕು. ಮಾಲು ಎಷ್ಟೇ ಇರಲಿ, ‘ಕೆಲವೇ ಪ್ಯಾಕೆಟ್ ಉಳಿದಿದೆ’ ಎನ್ನಬೇಕು. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಪರೀಕ್ಷೆಗೆ ಓದುವವಳ ಹಾಗೆ.

ರೀಲ್ ಹಾಕಿದೆ. ಅತ್ತೆಯ ಕೈ ಒಂದು ಸಲ ಬೀಸುವುದು, ಹಾಳೆ ಏಳುವುದು, ಅಷ್ಟೇ. ಅಬ್ಬಬ್ಬಾ, ಜನ ಮುಗಿಬಿದ್ದು ನೋಡಿದರು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂರುವುದು ರೂಢಿಯಾಯಿತು. ‘ಎಂತ ಬರದ್ದ ಓದು ನೋಡನ’ ಎನ್ನುವರು. ಒಬ್ಬೊಬ್ಬರಿಗೂ ಉತ್ತರ ಹೇಳಿಸುವರು. ಯಾರೋ ಬರೀ ಕೈ ಮುಗಿಯುವ ಚಿತ್ರ ಹಾಕಿದರೆ, ‘ಪಾಪ, ಕೈ ಮುಗದ್ದ. ಮನೆ ಕಡೆ ಬಂದ್ರೆ ಬನ್ನಿ ಹೇಳಿ ಬರಿ’ ಎನ್ನುವರು. ತೀರ್ಥಹಳ್ಳಿ ಪೇಟೆಯಲ್ಲಿ ಬೆಳೆದ ನನ್ನ ನಾಲಿಗೆಗೆ ಅವರ ಮನೆಮಾತು ಇವತ್ತಿಗೂ ಸರಿಯಾಗಿ ಹತ್ತಿಲ್ಲ, ಆದರೆ ಬೆರಳಿಗೆ ಹತ್ತಿತು. ‘ಕೆಲವೇ ಪ್ಯಾಕೆಟ್ ಉಳಿದಿದೆ’ ಎಂದು ನಾನು ಬರೆದದ್ದನ್ನು ಮಾತ್ರ ಅವರು ಅಳಿಸಿಸಿದರು. ‘ಡಬ್ಬ ತುಂಬ ಇದ್ದಲೇ ತಂಗಿ! ಇದ್ದದ್ದನ್ನ ಇಲ್ಲೆ ಹೇಳದು ಎಂತಕ್ಕೆ?’ ಎಂದರು. ಸೊಸೆಯಾದ ನನ್ನನ್ನು ಅವರು ತಂಗಿ ಎಂದೇ ಕರೆಯುವುದು.

ನೋಡುವವರು ನೋಡಿದರು, ಕೊಳ್ಳುವವರು ಬರಲಿಲ್ಲ. ವಾರ ಕಳೆದರೂ ಬಂದ ಆರ್ಡರು ಎರಡೇ, ಅವೂ ನೆಂಟರವು. ನನ್ನ ತಲೆ ಕೆಟ್ಟುಹೋಯಿತು. ಆಗ ಸರ್ ಹೇಳಿದ ಇನ್ನೊಂದು ಉಪಾಯ ನೆನಪಾಯಿತು. ಮೊದಲ ಒಳ್ಳೆಯ ಕಮೆಂಟನ್ನು ನೀವೇ ಹಾಕಿಕೊಳ್ಳಿ, ಎದೆಗೆ ನಾಟುವ ಹಾಗಿರಲಿ, ಆಮೇಲೆ ಜನ ತಾವಾಗಿಯೇ ಬರುತ್ತಾರೆ. ಸೇವಂತಿಗೆ ಹೂವಿನ ಫೋಟೋ ಹಾಕಿ ಒಂದು ಸುಳ್ಳು ಅಕೌಂಟು ತೆರೆದೆ. ಯಾವ ಊರು ಎಂದು ಯೋಚಿಸಿದಾಗ ತವರೂರೇ ಬಾಯಿಗೆ ಬಂತು. ‘ಅಮ್ಮಾ, ನಾನು ತೀರ್ಥಹಳ್ಳಿ ಕಡೆಯವಳು. ನನಗೀಗ ಏಳು ತಿಂಗಳು. ನಿಮ್ಮ ತೊಡೆದೇವು ನೋಡಿದಾಗಿನಿಂದ ಬೇರೆ ಏನೂ ಸೇರ್ತಿಲ್ಲ. ಒಂದೇ ಒಂದು ತಿನ್ನಬೇಕು ಅಂತ ಆಸೆ’ ಎಂದು ಬರೆದೆ. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಸರ್ ಹೇಳಿದ್ದು ಸುಳ್ಳಾಗಲಿಲ್ಲ. ಆ ಕಮೆಂಟಿನ ಕೆಳಗೆ ಹೆಂಗಸರೆಲ್ಲ ತಮ್ಮ ತಮ್ಮ ಬಸುರಿನ ಕಥೆ ಹೇಳತೊಡಗಿದರು. ಒಬ್ಬರಿಗೆ ಮಾವಿನಕಾಯಿ ಬೇಕೆನಿಸಿತ್ತು, ಇನ್ನೊಬ್ಬರಿಗೆ ಒಲೆಯ ಬೂದಿ. ಜೊತೆಗೆ ಆರ್ಡರುಗಳೂ ಬಂದವು, ನಿಜವಾದ ಆರ್ಡರುಗಳು, ಪರವೂರಿನವರದು. ನಾನು ಗೆದ್ದೆನೆಂದು ಕುಣಿಯುತ್ತ ಹಿಂದಿನ ಕೋಣೆಗೆ ಹೋದೆ. ಅತ್ತೆ ಬಟ್ಟೆ ಸುತ್ತಿದ ಕೋಲನ್ನು ಪಕ್ಕಕ್ಕಿಟ್ಟು ಕೇಳಿದರು: ‘ಆ ಕೂಸಿಗೆ ಕಳ್ಸಿದ್ಯ?’

‘ಯಾವ ಕೂಸು?’

‘ತೀರ್ಥಹಳ್ಳಿದು. ಏಳು ತಿಂಗಳಿನ ಬಸ್ರಿ.’ ಅವರ ಮಾತಿನಲ್ಲಿ ಕೂಸು ಎಂದರೆ ಹುಡುಗಿ.

ಅಡ್ರೆಸ್ ಕೊಟ್ಟಿಲ್ಲ ಎಂದೆ. ಹಾಗಾದರೆ ಕೇಳು ಎಂದರು. ಕೇಳಿದೆ, ಉತ್ತರ ಬಂದಿಲ್ಲ ಎಂದೆ. ಅಲ್ಲಿಗೆ ಎರಡು ಸುಳ್ಳಾಯಿತು. ಅತ್ತೆ ಒಲೆಯ ಬೆಂಕಿ ತಗ್ಗಿಸಿದರು. ‘ಬಸ್ರಿ ಕೂಸು ಬಾಯಿಬಿಟ್ಟು ಕೇಳಿದ್ದು ತಂಗಿ. ಅದಕ್ಕೆ ಮೊದ್ಲು ಕೊಡವು. ಅದರ ಪಾಲು ಹೋಗದೆ ಬೇರೆಯವಕ್ಕೆ ಒಂದೂ ಕಳ್ಸಲೆ ಆಗ್ತಿಲ್ಲೆ.’

ನಮ್ಮ ಕಡೆ ಇದು ತಮಾಷೆಯ ಮಾತಲ್ಲ. ಬಸುರಿ ಬಯಸಿದ್ದನ್ನು ಇಲ್ಲವೆನ್ನುವ ಮನೆ ಇಲ್ಲ. ಗೊತ್ತಿಲ್ಲದವರ ತೋಟದ ಹಣ್ಣಾದರೂ ಸರಿ, ಕೇಳಿ ತಂದುಕೊಡುತ್ತಾರೆ. ಇದನ್ನೆಲ್ಲ ಬಲ್ಲವಳಾಗಿ ನಾನು ಅದೇ ಸುಳ್ಳನ್ನು ಆರಿಸಿಕೊಂಡಿದ್ದೆ. ಅತ್ತೆ ಹಾಲಿಗೆ ನೀರು ಬೆರೆಸುವವರಲ್ಲ, ಯಾರೂ ಬೆರೆಸಿಯಾರೆಂದು ಅನುಮಾನ ಪಡುವವರೂ ಅಲ್ಲ. ಮದುವೆಯಾಗಿ ಬಂದ ದಿನದಿಂದ ನನ್ನ ಮಾತನ್ನು ಅವರು ಒಂದು ಸಲವೂ ಎರಡನೆಯವರಲ್ಲಿ ವಿಚಾರಿಸಿದ್ದಿಲ್ಲ. ನಿಜ ಹೇಳಿದರೆ ಆ ನಂಬಿಕೆ ಹೋಗುತ್ತದೆ. ಹೇಳದಿದ್ದರೆ ಇಲ್ಲದ ಹುಡುಗಿಗಾಗಿ ಇವರು ಕಾಯುತ್ತ ಕೂರುತ್ತಾರೆ. ನಾಳೆ ಮರೆತಾರು ಎಂದುಕೊಂಡು ಬಾಯಿ ಮುಚ್ಚಿಕೊಂಡೆ.

ಮರೆಯುವುದೆಲ್ಲಿ ಬಂತು! ಮರುದಿನ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿರುವ ನನ್ನ ಅಮ್ಮನಿಗೇ ಫೋನು ಹೋಯಿತು. ಬೀಗಿತ್ತಿಯರಿಬ್ಬರೂ ಸೇರಿ ಹುಡುಕಲು ಕೂತರು. ಅಮ್ಮನಿಗೆ ಭಜನೆಯ ಗುಂಪು, ಹಾಲಿನ ಡೇರಿ, ಅಂಗನವಾಡಿ ಎಲ್ಲ ಕಡೆಯೂ ಪರಿಚಯ. ನನ್ನ ಸರ್ ವರ್ಷವಿಡೀ ಹೆಣಗಿದರೂ ಕಟ್ಟಲಾಗದ ನೆಟ್‌ವರ್ಕು ಅದು. ಎರಡು ದಿನದಲ್ಲಿ ಅಮ್ಮನ ಫೋನು ಬಂತು. ತೀರ್ಥಹಳ್ಳಿ ಸುತ್ತಮುತ್ತ ಏಳು ತಿಂಗಳಿನವರು ನಾಲ್ಕು ಜನ ಇದ್ದಾರಂತೆ. ಮೂವರು ಪೇಟೆಯ ಹತ್ತಿರದವರು, ಒಬ್ಬಳು ಮೇಗರವಳ್ಳಿಯವಳು.

‘ನಾಲ್ವರಲ್ಲಿ ಯಾರು ಅಂತ ಹೆಂಗೆ ಗೊತ್ತಾಗುತ್ತೆ ಅತ್ತೆ?’ ಎಂದೆ.

‘ಎಂತಕ್ಕೆ ಗೊತ್ತಾಗವು? ನಾಲ್ಕು ಜನಕ್ಕೂ ಕಳ್ಸಿರಾತು. ನಾಲ್ಕರಲ್ಲಿ ಒಂದು ಅದೇ ಆಗಿರ್ತು.’

ಬಾಳೆಎಲೆ ಹಾಸಿದ ನಾಲ್ಕು ಸ್ಟೀಲು ಡಬ್ಬಗಳು ತಯಾರಾದವು. ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಅತ್ತೆ ತಾವೇ ಹೋಗಿ ಒಪ್ಪಿಸಿದರು. ‘ಹುಷಾರಪ್ಪಾ, ಗುಂಡಿಯಲ್ಲಿ ಎತ್ತಿ ಹಾಕಿದ್ರೆ ಪುಡಿ ಆಗ್ತು’ ಎಂದರು. ಅವನು ನಗಲಿಲ್ಲ. ‘ಬಸ್ರಿಗಲ್ವಾ ಅಜ್ಜಮ್ಮಾ, ಡ್ರೈವರ್ ಪಕ್ಕಾನೇ ಇಡ್ತೀನಿ ಬಿಡಿ’ ಎಂದ. ಊರಿಗೆ ಊರೇ ನನ್ನ ಸುಳ್ಳನ್ನು ಹೊತ್ತು ಓಡಾಡುತ್ತಿತ್ತು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ತೀರ್ಥಹಳ್ಳಿಯಲ್ಲಿ ಅಮ್ಮ ಡಬ್ಬಗಳನ್ನು ಇಳಿಸಿಕೊಂಡು ನಾಲ್ಕೂ ಮನೆಗೆ ಮುಟ್ಟಿಸಿದಳು. ನಾಲ್ವರೂ ತಿಂದರು, ನಾಲ್ವರೂ ಖುಷಿಪಟ್ಟರು, ನಾಲ್ವರೂ ಬರೆದದ್ದು ತಾವಲ್ಲ ಎಂದರು. ಮೇಗರವಳ್ಳಿಯ ಹುಡುಗಿ ದನಿಯಲ್ಲೇ ಮೆಸೇಜು ಕಳಿಸಿದಳು. ‘ಅಮ್ಮಾ, ನಾನು ಆ ವಿಡಿಯೋನೇ ನೋಡಿಲ್ಲ. ಆದ್ರೂ ಡಬ್ಬ ತೆಗ್ದ ಕೂಡ್ಲೆ ಅಳು ಬಂತು, ಯಾಕೋ ಗೊತ್ತಿಲ್ಲ. ನಮ್ಮ ಅಮ್ಮ ಇಲ್ಲ. ನೀವು ಹುಡುಕ್ತಿರೋ ಅಕ್ಕ ಬೇಗ ಸಿಗ್ಲಿ.’ ಅತ್ತೆ ಅದನ್ನು ಮೂರು ಸಲ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

ಅದಾದ ಮೇಲೆ ಅತ್ತೆಗೆ ಹುಡುಕಾಟ ಹೋಗಿ ಚಿಂತೆ ಶುರುವಾಯಿತು. ‘ಅಷ್ಟು ಆಸೆಯಿಂದ ಕೇಳಿದ ಕೂಸು ಮತ್ತೆ ಒಂದು ಮಾತೂ ಬರದ್ದಿಲ್ಲೆ. ಅದಕ್ಕೆ ಎಂತಾರು ಆತೇನ?’ ಎಂದು ದಿನಕ್ಕೆ ಹತ್ತು ಸಲ ಕೇಳುವರು. ತಟ್ಟೆಯ ಮುಂದೆ ಕೂತು ಎರಡು ತುತ್ತಿಗೆ ಏಳುವರು. ಆರ್ಡರು ಮಾಡಿದವರು ಯಾವಾಗ ಕಳಿಸುತ್ತೀರಿ ಎಂದು ಕೇಳುತ್ತಲೇ ಇದ್ದರು, ಅದು ಅವರ ಕಿವಿಗೇ ಬೀಳುತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದ್ದನ್ನು ಕಂಡೆ. ಯಾರಿಗೆ ಎಂದು ಕೇಳಿದೆ. ಅತ್ತೆ ನನ್ನ ಕಡೆ ನೋಡದೆಯೇ ಹೇಳಿದರು: ‘ಆ ಕೂಸಿಗೆ. ನಿಂಗೆ ಆದಂಗೆ ಅದಕ್ಕೆ ಆಗದು ಬೇಡ.’

ಒಂಬತ್ತು ವರ್ಷಗಳ ಹಿಂದೆ ನಾನು ಬಸುರಿಯಾಗಿದ್ದೆ. ಏಳನೇ ತಿಂಗಳಲ್ಲಿ ಬಯಕೆ ಊಟ ಎಂದು ದಿನವನ್ನೂ ನೋಡಿಯಾಗಿತ್ತು. ಆರರಲ್ಲೇ ಮಗು ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ನನ್ನ ಮೇಲಿನ ಪ್ರೀತಿಯಿಂದಲೇ ಎತ್ತಲಿಲ್ಲ, ಅದು ನನಗೆ ಗೊತ್ತು. ಮತ್ತೆ ಬಸುರು ನಿಲ್ಲಲಿಲ್ಲ. ಒಂಬತ್ತು ವರ್ಷದಲ್ಲಿ ಅತ್ತೆಯ ಬಾಯಿಂದ ಆ ಮಾತು ಬಂದದ್ದು ಅವತ್ತೇ ಮೊದಲು, ಅದೂ ನಾನು ಹುಟ್ಟಿಸಿದ ಒಬ್ಬ ಹುಡುಗಿಗಾಗಿ.

ನನಗೆ ತಡೆಯಲಾಗಲಿಲ್ಲ. ‘ಆ ಹುಡುಗಿ ಇಲ್ಲ ಅತ್ತೆ’ ಎಂದೆ.

ಅವರು ಬೆಚ್ಚಿಬಿದ್ದರು. ‘ಅಯ್ಯೋ! ಹೋತಾ?’

‘ಹಂಗಲ್ಲ ಅತ್ತೆ. ಅಂಥ ಹುಡುಗಿನೇ ಇಲ್ಲ. ಅದನ್ನ ಬರ್ದಿದ್ದು ನಾನು. ಆರ್ಡರ್ ಬರ್ಲಿ ಅಂತ ಬೇರೆ ಹೆಸರಲ್ಲಿ ಬರ್ದೆ.’ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಸರ್ ಹೇಳಿದ್ದು, ಸೇವಂತಿಗೆಯ ಫೋಟೋ, ಉತ್ತರ ಬಂದಿಲ್ಲವೆಂದ ಸುಳ್ಳು. ಅತ್ತೆ ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಜೋರು ಮಾಡಿ, ಅತ್ತು, ಹೇಗೋ ಮುಗಿಯುತ್ತಿತ್ತು. ಅವರು ಕಂಬಕ್ಕೆ ಒರಗಿ ಕೂತರು.

‘ಏಳು ತಿಂಗಳು ಹೇಳಿ ಎಂತಕ್ಕೆ ಬರದೆ?’ ಎಂದರು.

‘ಗೊತ್ತಿಲ್ಲ ಅತ್ತೆ. ಕೈಗೆ ಹಂಗೇ ಬಂತು.’

‘ಬಸ್ರಿ ಇದ್ದಾಗ ತೊಡೆದೇವು ತಿನ್ನವು ಹೇಳಿ ಆಸೆ ಆಗಿತ್ತಾ ನಿಂಗೆ?’

ನಾನು ಇಲ್ಲವೆನ್ನಬೇಕೆಂದು ಬಾಯಿ ತೆರೆದೆ. ನಾನು ಬಸುರಿಯಾಗಿದ್ದಾಗಲೂ ಆಲೆಮನೆಯ ದಿನಗಳೇ, ನಮ್ಮಲ್ಲಿ ಇನ್ನೂ ಗಡಿಗೆ ಒಲೆಗೇರಿರಲಿಲ್ಲ. ಪಕ್ಕದ ಮನೆಯಲ್ಲಿ ತೊಡೆದೇವು ಮಾಡುತ್ತಿದ್ದ ಪರಿಮಳಕ್ಕೆ ಎರಡು ದಿನ ಒದ್ದಾಡಿದ್ದೆ. ಹೊಸ ಸೊಸೆಯ ಸಂಕೋಚಕ್ಕೆ ಯಾರಲ್ಲೂ ಹೇಳಿರಲಿಲ್ಲ, ಏಳರಲ್ಲಿ ಹೇಗೂ ಬಯಕೆ ಏನೆಂದು ಕೇಳುತ್ತಾರಲ್ಲ ಎಂದು ಸುಮ್ಮನಿದ್ದೆ. ಹೌದೆಂದು ತಲೆಯಾಡಿಸಿದೆ. ಆಮೇಲೆ ನಾನು ಅತ್ತ ಹಾಗೆ ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ.

ಅತ್ತೆ ಎದ್ದು ನನ್ನ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಮಣೆ ಹಾಕಿ ಕೂರಿಸಿದರು. ಒಲೆ ಹೊತ್ತಿಸಿ, ಗಡಿಗೆ ಬೋರಲು ಹಾಕಿ, ಹಿಟ್ಟು ಕಲಸಿದರು. ‘ಅವತ್ತು ಆನೇ ನಿನ್ನ ಕೇಳಕಾಗಿತ್ತು. ಕೇಳಿದ್ನಿಲ್ಲೆ’ ಎಂದು ತಮ್ಮನ್ನೇ ಬೈದುಕೊಂಡರು, ಒಲೆಗೆ ಹೇಳುವವರ ಹಾಗೆ. ಮೊದಲನೆಯ ಹಾಳೆ ಎಬ್ಬಿಸುವಾಗಲೇ ಹರಿಯಿತು. ಅಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಹರಿದದ್ದನ್ನು ನಾನು ನೋಡಿದ್ದೇ ಇಲ್ಲ. ಎರಡನೆಯದು ಸರಿಯಾಗಿ ಎದ್ದಿತು. ಮಡಚಿ, ತುಪ್ಪ ಸವರಿ, ಹಾಲಿನ ಬಟ್ಟಲಿನ ಜೊತೆ ನನ್ನ ಮುಂದಿಟ್ಟರು.

‘ತಿನ್ನು’ ಎಂದರು.

ತಿಂದೆ. ಕಣ್ಣೀರಿಗೆ ಮೊದಲ ತುತ್ತು ಉಪ್ಪುಪ್ಪಾಯಿತು, ಆಮೇಲೆ ರುಚಿ ಗೊತ್ತಾಯಿತು. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ಬಟ್ಟೆ ಸುತ್ತಿದ ಕೋಲನ್ನು ಹಿಟ್ಟಿನಲ್ಲಿ ಅದ್ದಿ, ಗಡಿಗೆಯ ಮೇಲೆ ಹಿಡಿದು ನನ್ನ ಮುಖ ನೋಡಿದರು.

‘ಇನ್ನೊಂದು ಬೇಕಾ ತಂಗಿ?’

‘ಬೇಕು ಅತ್ತೆ’ ಎಂದೆ. ‘ನಂಗೆ ಬೇಕು.’