ಮೀನು ಶೆಡ್ಡಿನ ಬಾಟ್ಲಿ ಅತ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೀನು ಕತ್ತರಿಸಿ ಪ್ಯಾಕ್ ಮಾಡುವ ಶೆಡ್ಡಿನ ಹಿಂಬದಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ನೀರು ಕುದಿಯುತ್ತಿದೆ. ಪಾತ್ರೆಯೊಳಗೆ ಹಾಲಿನ ಬಾಟಲಿಗಳು ಒಂದಕ್ಕೊಂದು ತಾಗಿ ಗಡಗಡ ಎನ್ನುತ್ತಿವೆ. ಒಲೆಯ ಮುಂದೆ ನಿಂತ ಹೆಂಗಸು ಬಲಗೈಯಿಂದ ಎಡಭುಜ ಒತ್ತಿಕೊಳ್ಳುತ್ತ, ಕಣ್ಣು ಮುಚ್ಚಿ, ತುಟಿಯಲ್ಲೇ ಏನನ್ನೋ ಹೇಳಿಕೊಳ್ಳುತ್ತಾರೆ. ದೇವರ ಜೊತೆ ಅವರ ದಿನದ ಮಾತುಕತೆ ಇಷ್ಟೇ.

"ದೊಡ್ಡದೇನೂ ಕೇಳಲ್ಲ. ಕೂಸುಗಳ ಹೊಟ್ಟೆ ತುಂಬ್ಲಿ, ನನ್ನ ಭುಜ ಸಂಜೆವರೆಗೆ ತಡೀಲಿ ಅಂತೀನಿ. ಮೊದಲ್ನೇದು ನಡೆಸಿಕೊಡ್ತಾನೆ. ಎರಡನೇದಕ್ಕೆ ಅವ್ನಿಗೆ ಪುರುಸೊತ್ತಿಲ್ಲ," ಎಂದು ನಗುತ್ತಾರೆ. ಆ ನಗುವಿಗೂ ದಣಿವಾಗಿದೆ.

ಶೆಡ್ಡಿನವರಿಗೆಲ್ಲ ಇವರು ಬಾಟ್ಲಿ ಅತ್ತೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದೇ ಅನುಮಾನ. ಕಾಗದದ ಮೇಲೆ ಇವರು ಕೋಣೆ ಗುಡಿಸುವವರು. ಆದರೆ ಬಾಣಂತನ ಮುಗಿಸಿ ಮೀನು ಕತ್ತರಿಸುವ ಮೇಜಿಗೆ ಮರಳುವ ತಾಯಂದಿರು, ಎದೆಹಾಲಲ್ಲದೆ ಬೇರೇನನ್ನೂ ಅರಿಯದ ಕೂಸುಗಳನ್ನು ಹಾಕಿ ಹೋಗುವುದು ಇವರ ಮಡಿಲಿಗೆ. ತಾಯಿ ಹಿಂಡಿಟ್ಟ ಹಾಲು, ಅದು ಸಾಲದಿದ್ದರೆ ಪುಡಿಹಾಲು, ಬಾಟಲಿಯಲ್ಲಿ ಕುಡಿಯುವುದನ್ನು ಆ ಹಸುಳೆಗಳಿಗೆ ಕಲಿಸಬೇಕು. ಡಬ್ಬಿ ಇನ್ನಷ್ಟು ದಿನ ಬರಲಿ ಎಂದು ಯಾರಾದರೂ ನೀರು ಹೆಚ್ಚು ಬೆರೆಸಿದರೆ ಅತ್ತೆಯ ಬಾಯಿಗೆ ಸಿಕ್ಕಿಬೀಳುತ್ತಾರೆ: "ನೀರು ಕುಡಿಸೋಕೆ ನಾನ್ಯಾಕೆ, ನಲ್ಲಿ ಇಲ್ವಾ?"

ಒಂದು ಕಾಲಕ್ಕೆ ಇವರೂ ಕತ್ತಿ ಹಿಡಿದವರೇ. ಐಸಿನಲ್ಲಿ ಕೈಯಾಡಿಸಿ ಆಡಿಸಿ ಬೆರಳ ತುದಿಗಳು ಮರಗಟ್ಟಿವೆ. ಹಾಲಿನ ಬಿಸಿ ಬೆರಳಿಗೆ ತಿಳಿಯದು. ಮಣಿಕಟ್ಟಿನ ಒಳಮೈಗೆ ಹನಿ ಬಿಟ್ಟುಕೊಂಡು ನೋಡುತ್ತಾರೆ. ಹಿರಿಮಗಳು ಹುಟ್ಟಿದಾಗ ಈ ಕೋಣೆ ಇರಲಿಲ್ಲ. ಕೂಸು ಬಾಟಲಿ ಮುಟ್ಟಲಿಲ್ಲ, ಇವರು ಕೆಲಸ ಬಿಟ್ಟರು. "ನಾನಾಗ್ಲೇ ಊಟ ಮಾಡ್ದೆ ಅಂತ ಮನೆಯವರಿಗೆ ಸುಳ್ಳು ಹೇಳಿ ಮಲಗ್ತಿದ್ದ ಕಾಲ ಅದು. ಒಂದು ಕೂಸು ಹಟ ಹಿಡಿದ್ರೆ ಮನೆಗೆ ಮನೆಯೇ ಬಾಗುತ್ತೆ. ಅದಕ್ಕೇನು ಗೊತ್ತು ಪಾಪ."

ಈಗ ಅಂಥ ಹಟದ ಕೂಸೊಂದು ಕೋಣೆಯಲ್ಲಿದೆ. ಅದರ ತಾಯಿ ತೀರಾ ತೆಳ್ಳಗಿರುವುದರಿಂದ ಎಲ್ಲರೂ ಅವಳನ್ನು ಕರೆಯುವುದು ಕಡ್ಡಿ ಎಂದೇ. ಗಂಡ ಸೊಂಟ ಮುರಿದುಕೊಂಡು ಮಲಗಿದ್ದಾನೆ, ಮನೆಗೆ ಇವಳ ದುಡಿಮೆಯೊಂದೇ. ಕೆಲಸಕ್ಕೆ ಮರಳಿದಾಗಿನಿಂದ ಮಗ ಅತ್ತಾಗಲೆಲ್ಲ ಕತ್ತಿ ಬಿಟ್ಟು ಓಡಿಬರುತ್ತಾಳೆ. ಮೇಜಿನ ಮೇಲೆ ಮೀನು ರಾಶಿ ಬೀಳುತ್ತದೆ. ನಿನ್ನೆ ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿದ್ದಾಳೆ: "ಇನ್ನೊಂದ್ಸಲ ನಡುವೆ ಎದ್ದು ಹೋದೆಯೋ, ಮಾರನೇ ದಿನ ಬರೋದೇ ಬೇಡ."

ಬೆಳಗಿನ ಮೊದಲ ಪ್ರಯತ್ನ ಕೆಡುತ್ತದೆ. ಕೂಸು ನಿಪ್ಪಲನ್ನು ನಾಲಿಗೆಯಿಂದ ನೂಕುತ್ತದೆ, ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತದೆ. ಅತ್ತೆ ಬಾಟಲಿ ಬದಿಗಿಡುತ್ತಾರೆ. ತಾಯಿ ಕೊಟ್ಟುಹೋಗಿದ್ದ ಅಂಗಿ ಅವರ ಹೆಗಲ ಮೇಲಿದೆ. ಅಮ್ಮನ ಮೈವಾಸನೆ ಹತ್ತಿರವಿದ್ದರೆ ಕೂಸು ಬೇಗ ಸಮಾಧಾನಗೊಳ್ಳುತ್ತದೆಂದು ಅವರೇ ತರಿಸಿಕೊಂಡದ್ದು. ಏಕೋ ಅದನ್ನು ಮೂಗಿಗೆ ಹಿಡಿಯುತ್ತಾರೆ. ಬರೀ ಸೋಪು, ನಿಂಬೆಹಣ್ಣು.

ಚಹಾದ ಬಿಡುವಿನಲ್ಲಿ ಕಡ್ಡಿ ಬಂದವಳೇ ಮಗನನ್ನು ಎದೆಗೆ ಹಾಕಿಕೊಳ್ಳುತ್ತಾಳೆ. ಅವನು ಕುಡಿದು ತೂಕಡಿಸುವವರೆಗೆ ಕಾದು ಅತ್ತೆ ಕೇಳುತ್ತಾರೆ, "ಈ ಅಂಗಿ ತೊಳೆದ್ಯಾ?"

"ತೊಳೀದೆ ತರ್ತೀನಾ ಅತ್ತೆ? ನಿಂಬೆಹಣ್ಣು ಹಾಕಿ ಎರಡು ಸಲ ತೊಳೆದೆ."

"ತೊಟ್ಟಿದ್ದನ್ನೇ ತಾ ಅಂದಿದ್ನಲ್ಲೇ."

ಕಡ್ಡಿ ತಲೆ ತಗ್ಗಿಸುತ್ತಾಳೆ. "ಮೀನು ವಾಸನೆ ಅತ್ತೆ. ಬಸ್ಸಲ್ಲಿ ಪಕ್ಕದಲ್ಲಿ ಕೂತೋರು ಎದ್ದು ಹೋಗ್ತಾರೆ. ಅಂಥ ಬಟ್ಟೆ ನಿಮ್ಮ ಹೆಗಲಿಗೆ ಹೇಗೆ ಹಾಕ್ಲಿ?"

"ಅಯ್ಯೋ ಪೆದ್ದಿ, ಬಟ್ಟೆ ಬೇಕಾಗಿರೋದು ಬಸ್ಸಿನೋರಿಗಾ, ನಿನ್ನ ಮಗನಿಗಾ? ಆ ಮೀನು ವಾಸನೇನೂ ಸೇರಿದ್ರೇ ಅವ್ನಿಗೆ ಅಮ್ಮ. ನಿಂಬೆಹಣ್ಣು ಯಾವತ್ತಾದ್ರೂ ಹಾಲು ಕೊಟ್ಟಿದ್ಯಾ?"

ಕಪಾಟಿನ ಬಾಗಿಲ ಮರೆಯಲ್ಲಿ ಕಡ್ಡಿ ಮೈಮೇಲಿನ ಒಳಅಂಗಿ ಬಿಚ್ಚಿಕೊಡುತ್ತಾಳೆ. ನಿನ್ನೆಯಿಂದ ತೊಟ್ಟದ್ದು, ರಾತ್ರಿ ಮಗನನ್ನು ತಬ್ಬಿ ಮಲಗಿದ್ದೂ ಅದರಲ್ಲೇ. ತೊಳೆದು ತಂದದ್ದಕ್ಕೆ ಬೆಳಿಗ್ಗೆಯೇ ಹಾಲು ಚೆಲ್ಲಿದೆ; ಬದಲಿಗೆ ಕಪಾಟಿನಲ್ಲಿದ್ದ ಅತ್ತೆಯ ಅಂಗಿ ತೊಟ್ಟು ಹೊರಬಂದು ತನ್ನನ್ನೇ ನೋಡಿಕೊಳ್ಳುತ್ತಾಳೆ. "ಇದ್ರಲ್ಲಿ ನನ್ನಂಥೋರು ಇನ್ನಿಬ್ಬರು ಹಿಡೀತಾರಲ್ಲ ಅತ್ತೆ!"

"ಹಿಡೀಲಿ ಬಿಡು. ಈಗ ಹೋಗು. ಅತ್ರೂ ಬಾಗಿಲ ಹತ್ರ ಸುಳೀಬೇಡ. ನಿನ್ನ ದನಿ ಕೇಳಿದ್ರೆ ಅವ್ನು ನನ್ನ ಮಾತು ಕೇಳಲ್ಲ."

ಕೂಸು ನಿದ್ದೆ ತಿಳಿದು ಅರೆಗಣ್ಣು ಬಿಡುತ್ತದೆ. ಹಸಿವು ಇನ್ನೂ ಕೆರಳಿಲ್ಲ. ಇದೇ ಸಮಯ ಎನ್ನುತ್ತಾರೆ ಅತ್ತೆ. ಹಸಿದು ಕಿರುಚುವ ಕೂಸು ಹೊಸದನ್ನು ಕಲಿಯದು. ಅಮ್ಮನ ಅಂಗಿಯನ್ನು ತಮ್ಮ ಎದೆಗೆ ಹೊದ್ದು, ಅವನನ್ನು ಕೊಂಚ ಎತ್ತರಕ್ಕೆ ಕೂರಿಸಿಕೊಂಡು, ಬೆಚ್ಚಗಿನ ನಿಪ್ಪಲನ್ನು ಕೆಳತುಟಿಗೆ ತಾಗಿಸಿ ಕಾಯುತ್ತಾರೆ. "ಸಾಹೇಬ್ರೇ, ನಿಮ್ಮಮ್ಮಂದೇ ಹಾಲು. ಪಾತ್ರೆ ಬೇರೆ, ಅಷ್ಟೇ."

ಸಾಹೇಬರು ಮುಖ ತಿರುಗಿಸಿ ರಾಗ ತೆಗೆಯುತ್ತಾರೆ. ಗೋಡೆಯಾಚೆ ಕತ್ತಿಯ ಸದ್ದೊಂದು ನಿಲ್ಲುತ್ತದೆ. ಆ ಮೇಜಿನಲ್ಲಿ ಕಡ್ಡಿಯ ಎದೆ ತಾನಾಗಿ ಒಸರಿ ಅತ್ತೆಯ ದೊಗಲೆ ಅಂಗಿ ಒದ್ದೆಯಾಗುತ್ತಿದೆ. ಪಕ್ಕದವಳು ಅವಳ ಮೊಣಕೈ ಹಿಡಿದು ಕೂರಿಸುತ್ತಾಳೆ, "ಏಳ್ಬೇಡ ಕಣೇ, ಮೇಲ್ವಿಚಾರಕಿ ಇಲ್ಲೇ ನೋಡ್ತಿದ್ದಾಳೆ."

ಅತ್ತೆ ತುರುಕುವುದಿಲ್ಲ. ಬಾಟಲಿ ತೆಗೆಯುತ್ತಾರೆ, ತೂಗುತ್ತಾರೆ, ಮತ್ತೆ ತುಟಿಗೆ ತಾಗಿಸುತ್ತಾರೆ. ಭುಜ ನೋಯುತ್ತದೆ, ಕೈ ಬದಲಿಸುವಂತಿಲ್ಲ. ಕೂಸು ಅಂಗಿಯೊಳಗೆ ಮೂಗು ಹುದುಗಿಸುತ್ತದೆ, ಮೂಸುತ್ತದೆ. ಅಳು ಬಿಕ್ಕಾಗುತ್ತದೆ. ತುಟಿ ತೆರೆದು ನಿಪ್ಪಲನ್ನು ಒಂದಷ್ಟು ಚೀಪಿ ಬಿಡುತ್ತದೆ; ಇನ್ನೊಮ್ಮೆ ಹಿಡಿಯುತ್ತದೆ. ಗಂಟಲಲ್ಲಿ ಗುಟುಕ್ ಎಂಬ ಸದ್ದು. ಅತ್ತೆ ಉಸಿರು ಬಿಡುವುದಕ್ಕೂ ಹೆದರಿದವರಂತೆ ಕೂತಿರುತ್ತಾರೆ.

ಗೋಡೆಯಾಚೆ ಕತ್ತಿಯ ಸದ್ದು ಮತ್ತೆ ಶುರುವಾಗುತ್ತದೆ.

ಊಟದ ಹೊತ್ತಿಗೆ ಓಡಿಬಂದ ಕಡ್ಡಿಗೆ ಕಂಡದ್ದು ಮಲಗಿದ ಮಗ, ಬರಿದಾದ ಬಾಟಲಿ. ನಾಳೆಯೂ ಕೆಲಸ ಇದೆ ಎಂದು ಹಿಗ್ಗಬೇಕಾದವಳು ಗೋಡೆಗೊರಗಿ ಅಳುತ್ತಾಳೆ. "ನಾನಿಲ್ದೇನೂ ನಡೆಯುತ್ತಲ್ಲ ಅತ್ತೆ ಇವ್ನಿಗೆ."

"ಎಲ್ಲಿ ನಡೀತು? ಹಾಲು ನಿಂದು, ಬಟ್ಟೆ ನಿಂದು. ಅದ್ರಲ್ಲಿ ನಂದೇನಿತ್ತು, ಈ ಮುರುಕು ಭುಜ ಬಿಟ್ರೆ? ಮೊದ್ಲು ಊಟ ಮಾಡು. ಸಂಜೆ ನಿನ್ನ ಕಂಡಾಗ ನೋಡು, ನನ್ನ ಮುಖಾನೂ ನೋಡಲ್ಲ ಅವ್ನು."

ಇಲ್ಲಿ ಹಾಲು ಕುಡಿದ ಮಕ್ಕಳು ಬೆಳೆದು, ಗೇಟಿನ ಬಳಿ ಎದುರಾದರೂ ಯಾರೋ ಮುದುಕಿಯೆಂದು ದಾಟಿ ಹೋಗುತ್ತಾರೆ. ಬೇಸರವಾಗದೇ ಎಂದರೆ ಅತ್ತೆ ಭುಜ ಒತ್ತಿಕೊಂಡು, ಬರಿದಾದ ಬಾಟಲಿಯನ್ನು ತೊಳೆಯಲು ಎತ್ತಿಕೊಳ್ಳುತ್ತಾರೆ.

"ನನ್ನ ನೆನಪು ಅವಕ್ಕೆ ಯಾಕೆ? ಅಮ್ಮ ಪಕ್ಕದಲ್ಲಿರಲಿಲ್ಲ ಅನ್ನೋದೇ ಗೊತ್ತಾಗದ ಹಾಗೆ ಬೆಳೆದ್ವಲ್ಲ. ಅಷ್ಟು ಸಾಕು."